ಗುಳಿಗೆಯೂ ಗಡಿಯಾರವೂ

ನಮ್ಮ ತಾತನವರಿಗೆ ಪಾರ್ಕಿನ್‌ಸನ್ ರೋಗ. ಬೆಳಗಿನ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೆಲ್ಲ ಅವರು ತಾವೇ ಎದ್ದು ಅಂಗಳದಲ್ಲಿ ತಿರುಗಾಡುವರು. ಹನ್ನೊಂದು ಗಂಟೆಯ ವೇಳೆಗೆ ಅವರ ಕಾಲುಗಳು ಹೊಸ್ತಿಲಲ್ಲಿಯೇ ಹೂತಂತೆ ನಿಂತುಬಿಡುವುವು. ಬೆಳಗ್ಗೆ ನಡೆದವರು ಈಗೇಕೆ ನಡೆಯರು, ಇದೆಲ್ಲ ನೆವವೆಂದು ಮನೆಯವರು ಬೇಸರಪಟ್ಟುದುಂಟು. ಅದು ನೆವವಲ್ಲ, ಲೆಕ್ಕವೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ರೋಗವನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ವರ್ಣಿಸಿದನು. ಇದರಲ್ಲಿ ಮಿದುಳಿನ ಡೋಪಮೀನ್ ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ಡೋಪಮೀನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳನ್ನು ಹೊಗಲಾರದು. ಆದುದರಿಂದ, ಮಿದುಳನ್ನು ಹೊಕ್ಕು ಅಲ್ಲಿ ಡೋಪಮೀನಾಗಿ ಮಾರ್ಪಡುವ ಲೆವೊಡೋಪವನ್ನು ಕೊಡುತ್ತಾರೆ. ದಾರಿಯಲ್ಲಿಯೇ ಅದು ವ್ಯಯವಾಗದಂತೆ ತಡೆಯಲು ಕಾರ್ಬಿಡೋಪವನ್ನು ಕೂಡಿಸುತ್ತಾರೆ.

ರಕ್ತವನ್ನು ತೂತುಳ್ಳ ಕೊಡವೆಂದು ಭಾವಿಸೋಣ. ನೀರು ಹೆಚ್ಚಿದ್ದಾಗ ಸೋರಿಕೆ ಜೋರು, ಇಳಿದಂತೆ ನಿಧಾನ. ಹೀಗೆ ಕೂಡಿಸಿ ಕೊಟ್ಟ ಲೆವೊಡೋಪವು ರಕ್ತದಲ್ಲಿ ಸುಮಾರು 1½ ಗಂಟೆಗೊಮ್ಮೆ ಅರ್ಧವಾಗುತ್ತದೆ. ಒಂದು ಗುಳಿಗೆಯಿಂದ ರಕ್ತಕ್ಕೆ 100 ಪಾಲು ಒಮ್ಮೆಗೇ ಸೇರಿತೆಂದೂ, ಕೈಕಾಲು ಆಡಲು 25 ಪಾಲಾದರೂ ಬೇಕೆಂದೂ ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಳ್ಳೋಣ. 1½ ಗಂಟೆಗೆ 50, 3 ಗಂಟೆಗೆ 25. ಅಲ್ಲಿಗೆ ಚಲನೆ ನಿಂತಿತು.

ಹಾಗಾದರೆ ಎರಡು ಗುಳಿಗೆಗಳನ್ನು ಒಟ್ಟಿಗೆ ಕೊಟ್ಟರಾಗದೆ? 200 ಪಾಲು 25ಕ್ಕೆ ಇಳಿಯಲು 4½ ಗಂಟೆ ಸಾಕು. ಮದ್ದು ಇಮ್ಮಡಿಯಾದರೂ ಲಾಭ ಒಂದೂವರೆ ಗಂಟೆ ಮಾತ್ರ. ಮಟ್ಟ ಬಹಳ ಏರಿದಾಗ ಕೆಲವರಲ್ಲಿ ಅಂಗಾಂಗಗಳು ತಾವಾಗಿ ಅತ್ತಿತ್ತ ಆಡತೊಡಗುವ ತೊಂದರೆಯೂ ಉಂಟು. ಅದೇ ಎರಡು ಗುಳಿಗೆಗಳನ್ನು 3 ಗಂಟೆಗಳ ಅಂತರದಲ್ಲಿ ಕೊಟ್ಟರೆ, ಉಳಿದ 25ಕ್ಕೆ 100 ಸೇರಿ 125 ಆಗುತ್ತದೆ. ಒಟ್ಟು ಸುಮಾರು 6½ ಗಂಟೆ ನಡೆಯಬಹುದು. ಪ್ರಮಾಣದಷ್ಟೇ ಹೊತ್ತೂ ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ನಿಜವಾದ ದೇಹವು ಇಷ್ಟು ಸರಳವಲ್ಲ. ರೋಗದ ಆರಂಭದಲ್ಲಿ ಉಳಿದಿರುವ ಜೀವಕೋಶಗಳು ಡೋಪಮೀನನ್ನು ಕೂಡಿಟ್ಟುಕೊಂಡು ಬೇಕಾದಂತೆ ವೆಚ್ಚ ಮಾಡುವುದರಿಂದ ರಕ್ತದ ಏರಿಳಿತ ಹೊರಗೆ ಕಾಣುವುದಿಲ್ಲ. ಆ ಕಣಜ ಬರಿದಾದಂತೆ ರಕ್ತದ ಏರಿಳಿತವೇ ನಡಿಗೆಯ ಏರಿಳಿತವಾಗುತ್ತದೆ. ಇದಲ್ಲದೆ ಲೆವೊಡೋಪವು ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ಹೊಟ್ಟೆ ತಡವಾಗಿ ಖಾಲಿಯಾದರೆ ಮದ್ದೂ ತಡವಾಗುತ್ತದೆ. ಬೇಳೆ, ಹಾಲು, ಮಾಂಸಗಳ ಪ್ರೋಟೀನಿನಿಂದ ಬರುವ ಅಮೈನೊ ಆಮ್ಲಗಳೂ ಅದೇ ಬಾಗಿಲಲ್ಲಿ ಒಳಹೋಗಬೇಕಾದುದರಿಂದ ಅಲ್ಲಿ ನೂಕುನುಗ್ಗಲಾಗುತ್ತದೆ.

ಗುಳಿಗೆಯ ಹೊತ್ತನ್ನಾಗಲಿ ಪ್ರಮಾಣವನ್ನಾಗಲಿ ಬದಲಿಸುವುದು ವೈದ್ಯರ ಕೆಲಸ, ನಮ್ಮದಲ್ಲ. ಗಡಿಯಾರ ನೋಡಿ ಬರೆದಿಡುವುದು ಮಾತ್ರ ಮನೆಯವರಿಂದ ಆಗುವ ಕೆಲಸ. ಗುಳಿಗೆ, ಊಟ, ನಡಿಗೆಗಳ ವೇಳೆಯನ್ನು ಒಂದು ವಾರ ಗುರುತಿಸಿ ನಾವು ವೈದ್ಯರಿಗೆ ತೋರಿಸಿದೆವು. ಅವರು ಹೊತ್ತುಗಳನ್ನು ಮರುಹೊಂದಿಸಿದರು. ತಾತನವರ ರೋಗ ವಾಸಿಯಾಗಿಲ್ಲ. ಈಗಲೂ ಒಮ್ಮೊಮ್ಮೆ ಅವರು ಹೊಸ್ತಿಲಲ್ಲಿ ನಿಲ್ಲುವುದುಂಟು. ಆದರೆ ನೆವವೆಂಬ ಮಾತು ನಮ್ಮ ಮನೆಯಲ್ಲಿ ಈಗ ಕೇಳಿಬರುವುದಿಲ್ಲ.