ಅಂಗಡಿಗಳ ಬಿಳಿ ಪಟ್ಟಿ

ಒಳ್ಳೆಯ ವ್ಯಾಪಾರಿಗೆ ಸನ್ಮಾನ ಎಂದರೆ ನಮ್ಮಲ್ಲಿ ಒಂದು ಶಾಲು, ಒಂದು ಹಾರ, ಒಂದು ಫಲಕ. ಯಾವ ಲೆಕ್ಕದಲ್ಲಿ ಒಳ್ಳೆಯವರು, ಅದನ್ನು ಹೋಗಿ ನೋಡಿದವರು ಯಾರು ಎಂದು ವೇದಿಕೆಯ ಮೇಲೆ ಯಾರೂ ಕೇಳುವುದಿಲ್ಲ. 1891ರಲ್ಲಿ ನ್ಯೂಯಾರ್ಕ್ ನಗರದ ಕೆಲವು ಹೆಂಗಸರು ಶುರು ಮಾಡಿದ್ದೇ ಈ ಎರಡು ಪ್ರಶ್ನೆಗಳಿಂದ.

ಆಗ ಅಲ್ಲಿ ದೊಡ್ಡ ದೊಡ್ಡ ಬಹುಮಹಡಿ ಅಂಗಡಿಗಳ ಕಾಲ. ಬಟ್ಟೆ ಬಿಚ್ಚಿ ತೋರಿಸುವವರು, ಅಳೆದು ಕೊಡುವವರು ಬಹುಪಾಲು ಹರೆಯದ ಹುಡುಗಿಯರು. ಗಿರಾಕಿಯ ದುಡ್ಡನ್ನು ಗಲ್ಲಾಕ್ಕೆ ಒಯ್ದು ಚಿಲ್ಲರೆ ತರಲು ಓಡಾಡುತ್ತಿದ್ದವರು ಇನ್ನೂ ಸಣ್ಣ ಮಕ್ಕಳು. ಅಂಗಡಿ ಕೆಲಸದ ಕಷ್ಟ ಬಲ್ಲ ಆಲಿಸ್ ವುಡ್‌ಬ್ರಿಜ್ ಎಂಬಾಕೆ ಈ ಹುಡುಗಿಯರ ಸ್ಥಿತಿಗತಿಯನ್ನು ವಿಚಾರಿಸಿ ವರದಿ ಬರೆದಳು. ಸಂಬಳ ಕಡಿಮೆ, ಹೊತ್ತು ಹೆಚ್ಚು, ತಡವಾಗಿ ಬಂದರೆ ದಂಡ. ಕ್ರಿಸ್‌ಮಸ್ ಸಮಯದಲ್ಲಂತೂ ರಾತ್ರಿಯವರೆಗೂ ದುಡಿಮೆ. ಮಾರಾಟದ ಹೆಂಗಸರಿಗೆ ಕೂರಲು ಆಸನ ಇಡಬೇಕು ಎಂಬ ಕಾನೂನು ಆ ರಾಜ್ಯದಲ್ಲಿ 1881ರಲ್ಲೇ ಬಂದಿತ್ತು. ಅಂಗಡಿಯವರು ಆಸನ ಇಟ್ಟರು. ಕೂತರೆ ದಂಡ ಹಾಕುವ ಅಂಗಡಿಗಳೂ ಇದ್ದವು! (ಇದು ಹಳೆಯ ಕಾಲದ ಕಥೆ ಎಂದುಕೊಳ್ಳಬೇಡಿ. ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತೇ ಸೀರೆ ಬಿಚ್ಚುವವರಿಗೆ ಕೂರುವ ಹಕ್ಕನ್ನು ಕೇರಳ ಕಾನೂನಿನಲ್ಲಿ ಬರೆದದ್ದು 2018ರಲ್ಲಿ, ತಮಿಳುನಾಡು 2021ರಲ್ಲಿ.)

ವರದಿ ಓದಿದ ಕೆಲವು ಉಳ್ಳವರ ಮನೆಯ ಹೆಂಗಸರು ಜೋಸೆಫೀನ್ ಶಾ ಲೋವೆಲ್ ಮುಂದಾಳತ್ವದಲ್ಲಿ ಗ್ರಾಹಕರ ಸಂಘ ಕಟ್ಟಿದರು. ಅವರು ದುಡಿಯುವವರಲ್ಲ, ಕೊಳ್ಳುವವರು. ನಾವು ಕಡಿಮೆ ಬೆಲೆ ಕೇಳಿ, ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ನಿಲ್ಲುವುದರಿಂದಲೇ ಈ ಗೋಳು ಎಂಬುದು ಅವರ ವಾದ. ಕೆಟ್ಟ ಅಂಗಡಿಗಳ ಹೆಸರು ಹಾಕಿ ಬಹಿಷ್ಕಾರಕ್ಕೆ ಕರೆ ಕೊಟ್ಟರೆ ಮಾಲೀಕರು ಕೋರ್ಟಿಗೆ ಎಳೆಯುವ ಭಯವಿತ್ತು. ಹಾಗಾಗಿ ಉಪಾಯ ತಿರುಗಿಸಿದರು: ಒಳ್ಳೆಯವರ ಹೆಸರನ್ನಷ್ಟೇ ಅಚ್ಚು ಹಾಕಿಸುವುದು. ಅದೇ ಬಿಳಿ ಪಟ್ಟಿ. ಹೊಗಳಿದ್ದಕ್ಕೆ ಯಾರೂ ದಾವೆ ಹೂಡುವುದಿಲ್ಲ. ಬಿಟ್ಟುಹೋದ ಹೆಸರು ಯಾವುದೆಂದು ಓದುವವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಪಟ್ಟಿಗೆ ಸೇರಲು ಇಟ್ಟ ಷರತ್ತುಗಳಲ್ಲೇ ಈ ಹೆಂಗಸರ ಜಾಣತನ ಕಾಣುವುದು. ‘ನ್ಯಾಯವಾಗಿ ನಡೆಸಿಕೊಳ್ಳಬೇಕು’ ಎಂದು ಮಾತಿನಲ್ಲಿ ಮುಗಿಸಲಿಲ್ಲ. ಅನುಭವವಿರುವ ವಯಸ್ಕ ಕೆಲಸಗಾರ್ತಿಗೆ ವಾರಕ್ಕೆ 6 ಡಾಲರಿಗೆ ಕಡಿಮೆ ಇಲ್ಲದ ಸಂಬಳ, ಅದೂ ವಾರವಾರ ಬಟವಾಡೆ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಬೆಳಗ್ಗೆ 8ರಿಂದ ಸಂಜೆ 6, ನಡುವೆ ಊಟಕ್ಕೆ ಮುಕ್ಕಾಲು ಗಂಟೆ. ದಂಡ ಹಾಕುವುದಾದರೆ ಆ ದುಡ್ಡು ಮಾಲೀಕರ ಜೇಬಿಗಲ್ಲ, ಕೆಲಸಗಾರರ ನಿಧಿಗೆ. 14 ವರ್ಷದೊಳಗಿನ ಮಕ್ಕಳು ಕೆಲಸದಲ್ಲಿ ಇರಕೂಡದು. ಆಸನದ ವಿಷಯಕ್ಕೆ ಬಂದಾಗ ಮಾತ್ರ ಎರಡು ಸಲ ಕಟ್ಟಿಹಾಕಿದರು: ಆಸನ ಇರಬೇಕು, ಅದರ ಮೇಲೆ ಕೂರಲೂ ಬಿಡಬೇಕು. ಮೋಸ ನಡೆಯುವ ಜಾಗ ಗೊತ್ತಿದ್ದವರು ಮಾತ್ರ ಹೀಗೆ ಬರೆಯಬಲ್ಲರು.

ಅಷ್ಟು ದೊಡ್ಡ ನಗರದಲ್ಲಿ ಮೊದಲ ಪಟ್ಟಿಗೆ ಸಿಕ್ಕ ಅಂಗಡಿಗಳು ಎಂಟೇ ಎಂಟು. ನನಗಂತೂ ಇದು ಪಟ್ಟಿಯ ಸೋಲಲ್ಲ, ಅದರ ಮರ್ಯಾದೆ. ಅರ್ಜಿ ಹಾಕಿದವರಿಗೆಲ್ಲ ಫಲಕ ಸಿಗುವ ಪ್ರಶಸ್ತಿಗೆ ಯಾವ ಮಾಲೀಕ ತಾನೇ ಸಂಬಳ ಏರಿಸುತ್ತಾನೆ? ವರ್ಷಗಳು ಕಳೆದ ಹಾಗೆ ಪಟ್ಟಿ ಉದ್ದವಾಯಿತು.

ಆದರೆ ಅದಕ್ಕೊಂದು ಕುರುಡು ಕೋನ ಇತ್ತು. ಒಳ್ಳೆಯ ಅಂಗಡಿಯಲ್ಲಿ ಮಾರುವ ಬಟ್ಟೆಯನ್ನು ಕತ್ತಲೆ ಕೋಣೆಗಳಲ್ಲಿ ಹೊಲಿಯುವವರ ಲೆಕ್ಕ ಅದರಲ್ಲಿ ಬರುತ್ತಿರಲಿಲ್ಲ. 1899ರಲ್ಲಿ ಸಂಘ ರಾಷ್ಟ್ರಮಟ್ಟಕ್ಕೆ ಬೆಳೆದಾಗ ಅದರ ಕಾರ್ಯದರ್ಶಿಯಾಗಿ ಬಂದವರು ಫ್ಲಾರೆನ್ಸ್ ಕೆಲಿ, ಇಲಿನಾಯ್ ರಾಜ್ಯದ ಕಾರ್ಖಾನೆಗಳ ಮುಖ್ಯ ಇನ್ಸ್‌ಪೆಕ್ಟರ್ ಆಗಿದ್ದವರು. ಅವರ ಕಾಲದಲ್ಲಿ ಪಟ್ಟಿಯ ಜೊತೆಗೆ ಚೀಟಿಯೂ ಬಂತು. ಹೆಂಗಸರ ಬಿಳಿ ಹತ್ತಿಯ ಒಳಉಡುಪಿನ ಮೇಲೆ ‘ಬಿಳಿ ಚೀಟಿ’ ಹೊಲಿಯಬೇಕಾದರೆ ಮಾಲೆಲ್ಲ ಆ ಕಾರ್ಖಾನೆಯೊಳಗೇ ತಯಾರಾಗಿರಬೇಕು, ಮನೆಮನೆಗೆ ಗುತ್ತಿಗೆ ಕೊಟ್ಟಿರಬಾರದು. ಹೊತ್ತು ಮೀರಿ ದುಡಿಸಕೂಡದು, 16ರ ಒಳಗಿನವರು ಇರಕೂಡದು.

ಈ ಚೀಟಿಯನ್ನು ಕಾರ್ಮಿಕ ಸಂಘಗಳು ಮನಸಾರೆ ಒಪ್ಪಲಿಲ್ಲ. ಸಂಘ ಕಟ್ಟಿಕೊಂಡ ಕೆಲಸಗಾರರು ತಮ್ಮದೇ ಚೀಟಿ ಹಾಕುತ್ತಿರುವಾಗ, ಕೊಳ್ಳುವವರು ಇನ್ನೊಂದನ್ನು ಯಾಕೆ ಅಂಟಿಸಬೇಕು ಎಂಬುದು ಅವರ ತಕರಾರು. ಅದರಲ್ಲಿ ಹುರುಳಿತ್ತು: ದುಡಿಯುವವರ ಬಗ್ಗೆ ತೀರ್ಪು ಕೊಡುವ ಮೇಜಿನಲ್ಲಿ ದುಡಿಯುವವರೇ ಕಡಿಮೆ.

ಕೆಲಿಗೂ ಚೀಟಿಯ ಮೇಲಷ್ಟೇ ನಂಬಿಕೆ ಇರಲಿಲ್ಲ. ಅಂಗಡಿ ಕೆಲಸದ ಹೊತ್ತಿಗೆ ಮಿತಿ ಹಾಕುವ ಕಾನೂನು ನ್ಯೂಯಾರ್ಕಿನಲ್ಲಿ 1896ರಲ್ಲೇ ಸಂಘದ ಒತ್ತಾಯದಿಂದ ಬಂದಿತ್ತು. ಹೆಂಗಸರ ದುಡಿಮೆಗೆ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ ಆರೆಗನ್ ರಾಜ್ಯದ ಕಾನೂನು ಸುಪ್ರೀಂ ಕೋರ್ಟಿಗೆ ಹೋದಾಗ, ಅದರ ಪರ ವಾದಿಸಿದ ವಕೀಲ ಲೂಯಿ ಬ್ರ್ಯಾಂಡೈಸ್‌ಗೆ ಬೇಕಾದ ರಾಶಿ ಪುರಾವೆ ಕೂಡಿಸಿಕೊಟ್ಟದ್ದು ಇದೇ ಸಂಘದ ಜೋಸೆಫೀನ್ ಗೋಲ್ಡ್‌ಮಾರ್ಕ್. 1908ರಲ್ಲಿ ಕಾನೂನು ಗೆದ್ದಿತು. ಎಂಟು ಅಂಗಡಿಗಳು ಒಪ್ಪಿ ನಡೆಸಿದ ಷರತ್ತುಗಳಲ್ಲಿ ಕೆಲವು ಹೀಗೆ ಒಪ್ಪದವರ ಮೇಲೂ ಬಂದು ಕೂತವು. 1918ರಲ್ಲಿ ಸಂಘವೇ ಬಿಳಿ ಚೀಟಿಯನ್ನು ನಿಲ್ಲಿಸಿತು.