ಚಳಿಗಾಲದಲ್ಲಿ ತುಳಸಿ ಒಣಗುವುದೇಕೆ?



ಜೋಳ, ಕಡಲೆಯ ಮಾತು ದಿನವೂ ಇದ್ದದ್ದೇ. ಇವತ್ತು ಹೊಲ ಬಿಟ್ಟು ಮನೆಯಂಗಳಕ್ಕೆ ಬರೋಣ. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ನೆಲ್ಲಿಯ ಕೊಂಬೆ ನೆಟ್ಟು ತುಳಸಿಯ ಮದುವೆ ಮಾಡುತ್ತೇವೆ. ಅಂದು ಹಸಿರಾಗಿದ್ದ ಗಿಡ ಪುಷ್ಯ ಮಾಸದ ಹೊತ್ತಿಗೆ ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುವುದನ್ನು ನೀವು ಕಂಡಿರಬಹುದು.

ಹೋದ ಚಳಿಗಾಲದಲ್ಲಿ ಕಡಲೆ ಬೆಳೆ ನೋಡಲು ವಿಜಯಪುರದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಒಂದು ಮನೆಯ ಹಿರಿಯ ತಾಯಿ ಬೃಂದಾವನ ತೋರಿಸಿ, "ನಮ್ಮ ಸೊಸಿ ಕಾಲ್ಗುಣ ನೋಡ್ರಿ ಸಾಹೇಬ್ರ. ಆಕಿ ಬಂದ ಮ್ಯಾಲ ತುಳಸಿ ಒಣಗಾಕತೈತಿ" ಎಂದರು. ಬಾಗಿಲ ಮರೆಯಲ್ಲಿದ್ದ ಸೊಸೆ ತಲೆ ತಗ್ಗಿಸಿದಳು. ನಾನು ಮಣ್ಣಿನಲ್ಲಿ ಬೆರಳಿಟ್ಟೆ. ಬೆರಳಿಗೆ ಕೆಸರು ಮೆತ್ತಿಕೊಂಡು ಬಂತು.

"ದಿನಾ ಎಷ್ಟು ನೀರು ಹಾಕ್ತೀಯವ್ವಾ?" ಎಂದು ಕೇಳಿದೆ.

"ಮೊದಲ ಒಂದು ತಂಬಿಗಿ ಹಾಕ್ತಿದ್ದೆರಿ. ಬಾಡಾಕತ್ತಿದ ಮ್ಯಾಲ ಎರಡು ಹಾಕಾಕತ್ತೀನ್ರಿ."

ನೋಡಿ, ಗಿಡವನ್ನು ಕೊಂದದ್ದು ಕಾಲ್ಗುಣವಲ್ಲ, ಆ ಎರಡನೆಯ ತಂಬಿಗೆ.

ಕಾರಣ ಹೇಳುತ್ತೇನೆ. ತುಳಸಿ ಬೆಚ್ಚನೆಯ ಹವೆಯ ಗಿಡ. ಬೀದರ, ವಿಜಯಪುರದ ಕಡೆ ಚಳಿಗಾಲದ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ಆಗ ಗಿಡದ ಬೆಳವಣಿಗೆ ನಿಂತಂತಾಗುತ್ತದೆ. ಅದು ಕುಡಿಯುವ ನೀರೂ ಕಡಿಮೆ, ಮಣ್ಣಿನಿಂದ ಆರುವ ನೀರೂ ಕಡಿಮೆ. ಬೇರಿಗೆ ನೀರಿನಂತೆ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು. ಆದ್ದರಿಂದ ನೀರಿನಲ್ಲೇ ನಿಂತ ಗಿಡವೂ ನೀರಿಲ್ಲದ ಗಿಡದ ಹಾಗೆಯೇ ಬಾಡುತ್ತದೆ. ನಾವು ಬಾಯಾರಿಕೆ ಎಂದು ತಿಳಿದು ಇನ್ನಷ್ಟು ಸುರಿಯುತ್ತೇವೆ!

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಬೆರಳಿನ ಪರೀಕ್ಷೆ. ಒಂದು ಗೆಣ್ಣಿನಷ್ಟು ಬೆರಳನ್ನು ಮಣ್ಣಿಗೆ ಇಳಿಸಿ. ತೇವವಿದ್ದರೆ ಅಂದು ನೀರು ಬೇಡ. ಒಣಗಿದ್ದರೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಹಾಕಿ; ಸಂಜೆ ಹಾಕಬೇಡಿ. ಪೂಜೆಗೆ ಒಂದು ಉದ್ಧರಣೆ ನೀರು ಸಾಕು. ತಂಬಿಗೆಯಲ್ಲಿ ಉಳಿದದ್ದನ್ನು ಬಾಳೆಯ ಬುಡಕ್ಕೆ ಹಾಕಿದರೆ ವ್ಯರ್ಥವಾಗದು.

ಎರಡನೆಯದು, ಬೃಂದಾವನದ ಅಥವಾ ಕುಂಡದ ತಳದಲ್ಲಿ ನೀರು ಬಸಿಯಲು ತೂತು ಇದೆಯೇ ನೋಡಿ. ಸಿಮೆಂಟಿನ ಕಟ್ಟೆಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಹೊಸದಾಗಿ ತುಂಬುವಾಗ ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಬೆರೆಸಿ.

ಮೂರನೆಯದು, ದೀಪ. ಉರಿ ತಾಗಿದರೆ ಎಲೆ ಸೀಯುತ್ತದೆ. ಎಣ್ಣೆ, ಹಾಲು ಬುಡಕ್ಕೆ ಬಿದ್ದರೆ ಮಣ್ಣು ಕೆಡುತ್ತದೆ. ದೀಪವನ್ನು ಗಿಡದಿಂದ ಒಂದು ಮೊಳ ದೂರವಿಡಿ.

ನಾಲ್ಕನೆಯದು, ಕದಿರು. ಹೂ ಬಿಟ್ಟು ಬೀಜ ಕಟ್ಟಿದ ಗಿಡ ಬೇಗ ಮುದಿಯಾಗುತ್ತದೆ. ಬೀಜಕ್ಕೆಂದು ನಾಲ್ಕಾರು ಕದಿರು ಉಳಿಸಿ, ಮಿಕ್ಕವನ್ನು ಎಳೆಯದಿರುವಾಗಲೇ ಚಿವುಟಿ ದೇವರಿಗೆ ಏರಿಸಿ.

ಕುಂಡದ ಗಿಡವಾದರೆ ಹಗಲು ಬಿಸಿಲಿನಲ್ಲಿಡಿ, ರಾತ್ರಿ ಜಗಲಿಗೆ ತನ್ನಿ. ಒಲೆಯ ಹೊಗೆಯ ಹತ್ತಿರ ಬೇಡ. ಕಟ್ಟೆಯ ಗಿಡಕ್ಕೆ ಕಡುಚಳಿಯ ರಾತ್ರಿ ಗೋಣಿತಟ್ಟು ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಗಿಡ ಸೊರಗಿತೆಂದು ಯೂರಿಯಾ ಹಾಕುವುದು ತಪ್ಪು. ಮಲಗಿದವರಿಗೆ ಊಟ ತುರುಕಿದ ಹಾಗೆ.

ಜಗಲಿಯ ದೊಡ್ಡಪತ್ರೆಗೂ ಇದೇ ಮಾತು. ಅದರ ದಪ್ಪ ಎಲೆಯಲ್ಲೇ ನೀರಿರುತ್ತದೆ. ಕರಿಬೇವು ಚಳಿಗೆ ಎಲೆ ಉದುರಿಸಿದರೆ ಸತ್ತಿತೆಂದು ಕೀಳಬೇಡಿ. ಕಾಂಡವನ್ನು ಉಗುರಿನಿಂದ ಕೊಂಚ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ, ಬಿಸಿಲೇರಿದಾಗ ಚಿಗುರುತ್ತದೆ. ತುಳಸಿಗೂ ಈ ಪರೀಕ್ಷೆ ಸಲ್ಲುತ್ತದೆ.

ಇಷ್ಟು ಮಾಡಿದರೂ ತುಳಸಿ ಬಹುಕಾಲದ ಗಿಡವಲ್ಲ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಅದರ ಕಸುವು ಕುಂದುತ್ತದೆ. ಆದಕಾರಣ ಪ್ರತಿವರ್ಷ ಬೀಜ ತೆಗೆದಿಡಿ. ಶಿವರಾತ್ರಿ ಕಳೆದು ಚಳಿ ಹಿಂಜರಿದ ಮೇಲೆ ಜರಡಿ ಹಿಡಿದ ಮಣ್ಣಿನ ಮೇಲೆ ಉದುರಿಸಿ, ಮೇಲೊಂದಿಷ್ಟು ಮಣ್ಣು ತೆಳ್ಳಗೆ ಚಿಮುಕಿಸಿ. ಆಳಕ್ಕೆ ಹೂತರೆ ಆ ಸಣ್ಣ ಬೀಜ ಮೇಲೇಳಲಾರದು.

ಆ ಮನೆಯ ಗಿಡ ಉಳಿಯಲಿಲ್ಲ. ಕಿತ್ತು ನೋಡಿದರೆ ಬೇರು ಕಂದಾಗಿ ನಾರುತ್ತಿತ್ತು. ಅತ್ತೆಯವರು ಅದನ್ನು ಮೂಸಿ ನೋಡಿ ಸುಮ್ಮನಾದರು. ಒಣಗಿದ ಕದಿರಿನ ಬೀಜವನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡರು. ಬೇಸಿಗೆಯಲ್ಲಿ ಮತ್ತೆ ಆ ದಾರಿಯಲ್ಲಿ ಹೋದಾಗ ಬೃಂದಾವನದಲ್ಲಿ ಗೇಣುದ್ದದ ಸಸಿ ಇತ್ತು. "ಸೊಸಿ ಕೈಲೆ ಬಿತ್ತಿಸೇನ್ರಿ" ಎಂದರು ಆ ತಾಯಿ.

ನಿಮ್ಮ ಮನೆಯ ತುಳಸಿ ಬಾಡಿದರೆ ಯಾರನ್ನೂ ಅನ್ನುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ.