ದೋಣಿಗಳ ಮೆರವಣಿಗೆ

2024ರ ಜುಲೈ 26ರಂದು ನಡೆದ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳ ಪ್ರಾರಂಭೋತ್ಸವವನ್ನು ನಾನು ನೋಡಿದ್ದು ಬೈಲಕುಪ್ಪೆಯಲ್ಲಿ, ಸಹಪಾಠಿ ಮಿತ್ರನೊಬ್ಬನ ಮನೆಯಲ್ಲಿ. ಅವನನ್ನು ನಾವೆಲ್ಲರೂ ಟಿಬೆಟಿನವನೆಂದು ಕರೆಯುತ್ತೇವಾದರೂ ಅವನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ. ನಿಜವಾಗಿ ಪರದೇಶದಿಂದ ಬಂದವರೆಂದರೆ ಅವನ ತಾತ. 1959ರ ತರುವಾಯ ಹಿಮಾಲಯವನ್ನು ದಾಟಿ ಬಂದವರಿಗೆ ಅಂದಿನ ಮೈಸೂರು ಸರ್ಕಾರವು ಕಾಡುಭೂಮಿಯನ್ನು ಕೊಟ್ಟಾಗ ಮರ ಕಡಿದು ಮುಸುಕಿನ ಜೋಳ ಬಿತ್ತಿದವರಲ್ಲಿ ಅವರೂ ಒಬ್ಬರು. ಅವರ ಕನ್ನಡ ಸಂತೆಯಲ್ಲಿ ಕಲಿತದ್ದು. ವ್ಯಾಕರಣ ಕಡಮೆ, ಸೊಗಸು ಹೆಚ್ಚು.

ನಮ್ಮಲ್ಲಿ ಆಗ ರಾತ್ರಿ ಹನ್ನೊಂದು ಗಂಟೆ. ಹೊರಗೆ ಮಳೆ, ಪ್ಯಾರಿಸ್ಸಿನಲ್ಲಿಯೂ ಮಳೆ. ಕ್ರೀಡಾಂಗಣವನ್ನು ಬಿಟ್ಟು ಸೇನ್ ನದಿಯ ಮೇಲೆ ಆರು ಕಿಲೋಮೀಟರ್ ದೂರ ದೋಣಿಗಳಲ್ಲಿ ಕ್ರೀಡಾಪಟುಗಳ ಮೆರವಣಿಗೆ ಹೊರಟಿತ್ತು.

ಈ ಮೆರವಣಿಗೆಗೆ ಒಂದು ಕ್ರಮವುಂಟು. 1928ರ ಆಮ್‌ಸ್ಟರ್‌ಡಾಮ್ ಕ್ರೀಡೆಗಳಲ್ಲಿ ಗ್ರೀಸ್ ಮೊದಲು, ಆತಿಥೇಯ ದೇಶ ಕಡೆಗೆ ಎಂಬ ಪದ್ಧತಿ ಬಂದಿತು. ಉಳಿದವರು ಆತಿಥೇಯರ ಭಾಷೆಯ ಅಕ್ಷರಕ್ರಮದಲ್ಲಿ ಬರುವುದು ರೂಢಿ. ಫ್ರೆಂಚರು ಜರ್ಮನಿಯನ್ನು 'ಅಲ್‌ಮಾಞ್' ಎನ್ನುವುದರಿಂದ ಪ್ಯಾರಿಸ್ಸಿನಲ್ಲಿ ಅದಕ್ಕೆ ಬೇಗನೆ ಸರದಿ ಸಿಕ್ಕಿತು. ಟೋಕಿಯೋದಲ್ಲಿ 2021ರಲ್ಲಿ ಜಪಾನೀ ಅಕ್ಷರಮಾಲೆಯೇ ಪ್ರಮಾಣವಾಗಿತ್ತು. ಇದನ್ನೆಲ್ಲ ನಾನು ಮೇಷ್ಟರ ಗತ್ತಿನಲ್ಲಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಗ್ರೀಸಿನ ಹಿಂದೆ ಎರಡನೆಯ ತಂಡ ಬಂದಿತು.

"ಇದ್ಯಾವ ದೇಶ ಮಗ?" ಎಂದರು ತಾತ.

"ದೇಶವಲ್ಲ ತಾತ, ನಿರಾಶ್ರಿತರ ತಂಡ."

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನಮ್ಮೋರು ಇದ್ದಾರಾ ಅದರಲ್ಲಿ?"

ಇರಲಿಲ್ಲ. 2016ರಲ್ಲಿ ರಿಯೋದಲ್ಲಿ ಹತ್ತು ಮಂದಿಯಿಂದ ಆರಂಭವಾದ ಈ ತಂಡದಲ್ಲಿ ಪ್ಯಾರಿಸ್ಸಿಗೆ 37 ಮಂದಿ ಬಂದಿದ್ದರು: ಅಫ್ಘಾನಿಸ್ತಾನ, ಸಿರಿಯಾ, ಇರಾನ್, ಸೂಡಾನ್ ಮೊದಲಾದ ದೇಶಗಳನ್ನು ಬಿಟ್ಟವರು. ಟಿಬೆಟಿನವರು ಒಬ್ಬರೂ ಇಲ್ಲ. ಹಾಗಾದರೆ ಟಿಬೆಟಿಗೆ ತನ್ನದೇ ತಂಡವೇಕಿಲ್ಲ? 1996ರಲ್ಲಿ ಬಂದ ನಿಯಮದ ಪ್ರಕಾರ, ಅಂತರರಾಷ್ಟ್ರೀಯ ಸಮುದಾಯವು ಮನ್ನಿಸಿದ ಸ್ವತಂತ್ರ ರಾಷ್ಟ್ರಕ್ಕೆ ಮಾತ್ರ ಹೊಸದಾಗಿ ಸ್ಥಾನ. ಅದಕ್ಕೆ ಮುಂಚೆಯೇ ಸ್ಥಾನ ಪಡೆದಿದ್ದ ಹಾಂಗ್ ಕಾಂಗ್, ಪೋರ್ಟೊ ರಿಕೊಗಳು ಸ್ವತಂತ್ರವಲ್ಲದಿದ್ದರೂ ಉಳಿದುಕೊಂಡಿವೆ. ತೈವಾನ್ ಬರುತ್ತದೆ, ಆದರೆ 'ಚೈನೀಸ್ ತೈಪೆ' ಎಂಬ ಹೆಸರಿನಲ್ಲಿ, ಬೇರೊಂದು ಧ್ವಜ ಹಿಡಿದು.

ನಿಯಮವನ್ನು ಹೇಳಿ ಮುಗಿಸುವಷ್ಟರಲ್ಲಿ ನನಗೇ ಒಂದು ಸಂಗತಿ ಹೊಳೆಯಿತು. ಅದೇ 1928ರ ಆಮ್‌ಸ್ಟರ್‌ಡಾಮ್‌ನಲ್ಲಿಯೇ ಅಲ್ಲವೆ, ಧ್ಯಾನ್‌ಚಂದರಿದ್ದ ನಮ್ಮ ಹಾಕಿ ತಂಡ ಮೊದಲ ಚಿನ್ನ ಗೆದ್ದದ್ದು? ಆಗ ನಾವು ಬ್ರಿಟಿಷರ ಆಳಿಕೆಯಲ್ಲಿದ್ದೆವು. ಈಗಿನ ನಿಯಮ ಅಂದೇ ಇದ್ದಿದ್ದರೆ ಧ್ಯಾನ್‌ಚಂದರಿಗೂ ಬಾಗಿಲು ಮುಚ್ಚಿರುತ್ತಿತ್ತು. ಸ್ವತಂತ್ರ ಭಾರತವಾಗಿ ನಾವು ಮೊದಲು ಮೆರವಣಿಗೆಯಲ್ಲಿ ನಡೆದದ್ದು 1948ರ ಜುಲೈ 29ರಂದು, ಲಂಡನ್ನಿನಲ್ಲಿ. ಇಪ್ಪತ್ತು ವರ್ಷ ಮುಂಚೆ ನಮಗೆ ಸಲ್ಲದಿದ್ದ ಕಟ್ಟಳೆ ಇವರಿಗೆ ಮಾತ್ರ ನ್ಯಾಯವೆಂದು ವಾದಿಸಲು ನನಗೆ ಬಾಯಿ ಬರಲಿಲ್ಲ. ಮಿತ್ರ ಎದ್ದು ಬೆಣ್ಣೆ ಚಹ ತಂದುಕೊಟ್ಟ. (ಉಪ್ಪು ಹಾಕಿದ ಚಹ, ರೂಢಿಯಾಗಲು ನನಗೆ ಎರಡು ವರ್ಷ ಹಿಡಿಯಿತು.)

ಬಹಳ ಹೊತ್ತಾದ ಮೇಲೆ ಸಿಂಧು, ಶರತ್ ಕಮಲ್ ಇಬ್ಬರೂ ತ್ರಿವರ್ಣ ಧ್ವಜ ಹಿಡಿದು ಕಾಣಿಸಿಕೊಂಡರು. ನಮ್ಮಿಬ್ಬರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ತಾತ. "ನಿಮ್ಮ ದೋಣಿ ಬಂತು ನೋಡ್ರೋ" ಎಂದರು. 'ನಿಮ್ಮ' ಎಂದದ್ದು ಮೊಮ್ಮಗನಿಗೂ ಸೇರಿಸಿಯೇ. ಅವನು ಏನೂ ಹೇಳಲಿಲ್ಲ.

ಆಗಸ್ಟಿನಲ್ಲಿ ನಿರಾಶ್ರಿತರ ತಂಡದ ಧ್ವಜ ಹಿಡಿದಿದ್ದವರಲ್ಲಿ ಒಬ್ಬಳಾದ, ಕ್ಯಾಮರೂನ್ ಮೂಲದ ಸಿಂಡಿ ನ್ಗಾಂಬಾ ಬಾಕ್ಸಿಂಗ್‌ನಲ್ಲಿ ಕಂಚು ಗೆದ್ದಳು. ಆ ತಂಡಕ್ಕೆ ಅದೇ ಮೊಟ್ಟಮೊದಲ ಪದಕ. ಕಾಲೇಜಿನಲ್ಲಿ ನನಗೆ ಈ ಸುದ್ದಿ ಹೇಳಿದವನು ಮಿತ್ರ. ಅವನಿಗೆ ಹೇಳಿದವರು ತಾತ.